ಆಪರೇಷನ್ ಆಯಿತು, ಇನ್ನು ಮೂರು ತಿಂಗಳು?

ಎಲುಬು ಮುರಿದವರು, ಮೊಣಕಾಲಿನ ಆಪರೇಷನ್ ಆಗಬೇಕಾದವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಂದ ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಹೋಗುತ್ತಾರೆ. ರಾಡು, ಸ್ಕ್ರೂ, ಪ್ಲಾಸ್ಟರು ಹಾಕಿಸಿಕೊಳ್ಳಲು ಸಾಲಸೋಲ ಮಾಡಿಯಾದರೂ ಒಮ್ಮೆ ಹೋಗಿ ಬರುತ್ತಾರೆ. ಕಷ್ಟವಿರುವುದು ಆಮೇಲಿನ ಎರಡು-ಮೂರು ತಿಂಗಳಲ್ಲಿ. ವಾರಕ್ಕೆ ಎರಡು-ಮೂರು ಸಲ ಫಿಜಿಯೋಥೆರಪಿಗೆ ಬನ್ನಿ ಎಂದರೆ, ಬೆಳಗಾವಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ರಾಮದುರ್ಗದವರು ಎಷ್ಟು ಸಲ ಬಂದಾರು? ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ರೋಗಿಯ ಕೂಲಿಯೂ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಂತೂ ಜೊತೆಗೆ ಬರುವವರೇ ಸಿಗುವುದಿಲ್ಲ. ಹೀಗೆ ತಪ್ಪಿಹೋಗುವ ಚಿಕಿತ್ಸೆಯ ಬಹುಪಾಲನ್ನು ವಿಡಿಯೋ ಕರೆಯ ಮೂಲಕ ಮನೆಗೇ ತರಬಹುದು, ಕೈಯಿಂದ ಮುಟ್ಟಿ ಪರೀಕ್ಷಿಸುವ ಭೇಟಿಗಳನ್ನು ಅದರ ಜೊತೆ ಹೆಣೆದರೆ ಅದು ಗಟ್ಟಿ ಚಿಕಿತ್ಸೆಯೇ ಆಗುತ್ತದೆ ಎಂಬುದು ನನ್ನ ವಾದ.

ವ್ಯಾಯಾಮವನ್ನು ಚಿಕಿತ್ಸೆಯ ಬಾಲಂಗೋಚಿ ಎಂದು ತಿಳಿಯುವುದರಿಂದಲೇ ಅರ್ಧ ಹಾನಿಯಾಗುತ್ತಿದೆ. ಮುರಿದ ಎಲುಬಿನ ಸುತ್ತ ಮೊದಲ ಕೆಲವು ದಿನ ಉರಿಯೂತ, ನಂತರದ ವಾರಗಳಲ್ಲಿ ಮೆದುವಾದ ಬೆಸುಗೆ, ಆಮೇಲೆ ಅದು ಗಟ್ಟಿಯಾಗುವುದು; ಕೊನೆಗೆ ತಿಂಗಳುಗಟ್ಟಲೆ ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನೇ ತಿದ್ದಿಕೊಳ್ಳುತ್ತದೆ. ಎಲುಬಿನ ಜೀವಕೋಶಗಳು ಭಾರವನ್ನು ಗ್ರಹಿಸಿ, ಅದನ್ನು ರಾಸಾಯನಿಕ ಸಂಕೇತಗಳಾಗಿ ಬದಲಿಸುವುದರಿಂದ ಇದು ಸಾಧ್ಯ. ಭಾರ ಅಕಾಲದಲ್ಲಿ ಬಿದ್ದರೆ ಬೆಸುಗೆ ಅಲುಗುತ್ತದೆ, ಬೀಳದೇ ಹೋದರೆ ಎಲುಬು ಸೊರಗುತ್ತದೆ. ಸ್ನಾಯುವಿನ ಕಥೆ ಇನ್ನೂ ಸೂಕ್ಷ್ಮ. ಮೊಣಕಾಲು ಊದಿಕೊಂಡಾಗ ಕೀಲಿನಿಂದ ಹೋಗುವ ನರಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವನ್ನು ತಡೆದು ಹಿಡಿಯುತ್ತವೆ. ರೋಗಿ ಎಷ್ಟು ಪ್ರಯತ್ನಪಟ್ಟರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಮನೆಯವರು ಇದನ್ನು ಮೈಗಳ್ಳತನ ಎಂದು ಬೈಯುವುದು ಅನ್ಯಾಯ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನ ಹಿಂಭಾಗವನ್ನು ಹಾಸಿಗೆಯತ್ತ ಒತ್ತಿ ಐದು ಸೆಕೆಂಡು ಹಿಡಿಯುವ ಸರಳ ವ್ಯಾಯಾಮ ಆ ತಡೆಯನ್ನು ಸಡಿಲಿಸುವ ಮೊದಲ ಹೆಜ್ಜೆ. ಆದರೆ ತೊಡೆ ಬಿಗಿಯುವ ಬದಲು ಸೊಂಟ ಎತ್ತಿ ಒತ್ತುವವರೇ ಹೆಚ್ಚು. ಮೊಬೈಲನ್ನು ಹಾಸಿಗೆಯ ಪಕ್ಕದಲ್ಲಿ ಮೊಣಕಾಲಿನ ಎತ್ತರಕ್ಕೆ ಇಟ್ಟರೆ ದೂರದಲ್ಲಿರುವ ಫಿಜಿಯೋಥೆರಪಿಸ್ಟ್‌ಗೆ ಈ ತಪ್ಪು ಸ್ಪಷ್ಟವಾಗಿ ಕಾಣುತ್ತದೆ, ಅಲ್ಲೇ ತಿದ್ದಬಹುದು.

ತೆರೆಯ ಮೇಲಿನ ಚಿಕಿತ್ಸೆ ಎದುರಿನ ಚಿಕಿತ್ಸೆಗೆ ಸಮ ಬರುವುದೇ ಎಂಬುದನ್ನು ವಿಜ್ಞಾನಿಗಳು ನೇರವಾಗಿಯೇ ಹೋಲಿಸಿ ನೋಡಿದ್ದಾರೆ. ಮೊಣಕಾಲು ಕೀಲು ಬದಲಿಸಿಕೊಂಡ 205 ಮಂದಿಯ ಮೇಲೆ ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮನೆಗೆ ಬಂದು ಕಲಿಸಿದ್ದಕ್ಕಿಂತ ವಿಡಿಯೋದಲ್ಲಿ ಕಲಿಸಿದ್ದು ಕಡಿಮೆಯಾಗಲಿಲ್ಲ. ಬಹುದಿನಗಳ ಮೊಣಕಾಲು ನೋವಿದ್ದ 394 ಮಂದಿಯ ಆಸ್ಟ್ರೇಲಿಯಾದ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಲ್ಲಿ ಐದು ಭೇಟಿ, ಒಂದು ಗುಂಪಿಗೆ ಎದುರಿಗೆ, ಇನ್ನೊಂದಕ್ಕೆ ವಿಡಿಯೋದಲ್ಲಿ. ನೋವಿನಲ್ಲೂ ಓಡಾಟದಲ್ಲೂ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದರು. ಎರಡು ಕಡೆಯೂ ವಿಡಿಯೋದ ಆಚೆ ಇದ್ದವರು ತರಬೇತಾದ ಫಿಜಿಯೋಥೆರಪಿಸ್ಟ್‌ಗಳು, ರೋಗಿಯೊಂದಿಗೆ ನೇರವಾಗಿ ಮಾತಾಡುತ್ತಿದ್ದವರು. ಯಾರೋ ಕಳಿಸಿದ ಯೂಟ್ಯೂಬ್ ವಿಡಿಯೋ ನೋಡಿ ಕಾಲು ಎತ್ತುವುದಕ್ಕೆ ಈ ಪುರಾವೆ ಸಲ್ಲುವುದಿಲ್ಲ. ಶ್ರೀಮಂತ ದೇಶಗಳ, ಅದೂ ಮೊಣಕಾಲಿನ ಅಧ್ಯಯನಗಳನ್ನು ಸವದತ್ತಿಯ ಹೊಲದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೆ ಹಾಗೇ ಅನ್ವಯಿಸುವುದೂ ದುಡುಕಾದೀತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಲ್ಲಿ ಕಳೆ ಕೀಳುವ ನಮ್ಮ ಜನರ ಗುರಿಗಳೇ ಬೇರೆ.

ಮುಟ್ಟದೇ ಚಿಕಿತ್ಸೆ ಹೇಗೆ ಎಂಬ ಆಕ್ಷೇಪ ತೂಕದ್ದು. ಕೀಲಿನ ಸಡಿಲ, ಗಾಯದ ಬಿಸಿ, ಸ್ನಾಯುವಿನ ನಿಜವಾದ ಬಲ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಗರಡಿಯ ಪೈಲ್ವಾನರ ಉದಾಹರಣೆ ನೋಡಿ. ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿದು ಆಪರೇಷನ್ ಆದವರು ನೋವಿಲ್ಲವೆಂದು ಬೇಗ ಕಣಕ್ಕಿಳಿಯುತ್ತಾರೆ. ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತದೆ. ಎರಡೂ ಕಾಲಿನ ಬಲವನ್ನು ಅಳೆದು ಹೋಲಿಸಿ, ಜಿಗಿಸಿ ನೋಡಿಯೇ ಅನುಮತಿ ಕೊಡಬೇಕು. ಅದು ಎದುರಿಗೇ ಆಗಬೇಕಾದ ಕೆಲಸ. ಆದ್ದರಿಂದ ಮೊದಲ ಪರೀಕ್ಷೆ, ಭಾರ ಹಾಕಲು ಶುರುಮಾಡುವ ಹಂತ, ದುಡಿಮೆಗೆ ಮರಳುವ ಹಂತ, ಈ ಮೂರಕ್ಕೆ ಆಸ್ಪತ್ರೆ. ನಡುವಿನ ವಾರಗಳಿಗೆ ವಿಡಿಯೋ. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಗಾಯದಿಂದ ಕೀವು ಬಂದರೆ ವಿಡಿಯೋ ಕರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೆಟ್‌ವರ್ಕ್ ಸಿಗದು, ಅಜ್ಜಿಗೆ ಸ್ಮಾರ್ಟ್‌ಫೋನ್ ಬರದು ಎಂಬ ಮಾತಿಗೆ ಉತ್ತರ ಊರಲ್ಲೇ ಇದೆ. 2019ರಲ್ಲಿ ಶುರುವಾದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತಾಡಿಸುತ್ತಾರೆ. ಅದೇ ಕೋಣೆ, ಅದೇ ತೆರೆ ಫಿಜಿಯೋಥೆರಪಿಗೂ ಒದಗಬೇಕು. ವಾರಕ್ಕೊಂದು ಸಲ ಅಲ್ಲಿ ಕೂತು, ಕೋನಮಾಪಕದಿಂದ ಮೊಣಕಾಲು ಎಷ್ಟು ಡಿಗ್ರಿ ಮಡಿಯಿತೆಂದು ಅಳೆಯಲು ಸಿಬ್ಬಂದಿಗೆ ಕಲಿಸುವುದು ದೊಡ್ಡ ಖರ್ಚಿನ ಮಾತಲ್ಲ. ಅಷ್ಟಾಗುವವರೆಗೆ ರೋಗಿಯ ಮನೆಯವರು ಡಿಸ್ಚಾರ್ಜ್ ದಿನವೇ ಮೂರು ವಿಷಯ ಬರೆಸಿಕೊಳ್ಳಲಿ: ಕಾಲಿನ ಮೇಲೆ ಎಂದಿನಿಂದ ಎಷ್ಟು ಭಾರ ಹಾಕಬಹುದು, ಯಾವ ಚಲನೆ ಮಾಡಕೂಡದು, ಅನುಮಾನ ಬಂದರೆ ಯಾವ ನಂಬರಿಗೆ ವಿಡಿಯೋ ಕರೆ ಮಾಡಬೇಕು.