ಬೀದರ್ ಕೋಟೆಯ ಮೂರು ಕಂದಕ

ಬೀದರ್ ಕೋಟೆಯ ಸುತ್ತ ಕೆಲವೆಡೆ ಒಂದರ ಬದಲು ಮೂರು ಕಂದಕಗಳಿವೆ, ಏಕೆ? — ಓದುಗರು, ಭಾಲ್ಕಿ

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾಹ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದು ಈ ಕೋಟೆಯನ್ನು ಹೊಸದಾಗಿ ಕಟ್ಟಿಸಿದ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಒಂದು ಕಡೆ ಕಡಿದಾದ ಇಳಿಜಾರೇ ಕಾವಲು. ನೆಲ ಸಮತಟ್ಟಾದ ಕಡೆ ಶತ್ರು ನೇರವಾಗಿ ಗೋಡೆಯ ಬುಡಕ್ಕೆ ಬರಬಲ್ಲ. ಅಲ್ಲಿಯೇ ಬಂಡೆಯನ್ನು ಕಡಿದು ಕಂದಕ ಮಾಡಿ, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿದರು.

ಒಂದೇ ಕಂದಕವಾದರೆ ಮಣ್ಣು, ಸೌದೆ ತುಂಬಿ ದಾರಿ ಮಾಡಿಕೊಳ್ಳಬಹುದು. ಮೂರಿದ್ದರೆ ಆ ಕೆಲಸ ಮೂರು ಸಲ. ತುಂಬಿದ ಗಾಡಿ ಹೊಲದಲ್ಲಿ ಒಂದರ ಹಿಂದೊಂದು ಮೂರು ಬದು ದಾಟಬೇಕಾದಂತೆ, ಏಣಿ ಹೊತ್ತ ಸೈನಿಕ ಇಳಿದು ಹತ್ತಿ ಮತ್ತೆ ಇಳಿಯಬೇಕು. ಅಷ್ಟು ಹೊತ್ತೂ ಬುರುಜಿನ ಮೇಲಿನವರಿಗೆ ಅವನೇ ಗುರಿ. ತಳ ಬಂಡೆಯಾದ್ದರಿಂದ ಸುರಂಗ ತೋಡುವುದೂ ಕಷ್ಟ.

ಇಷ್ಟು ಜಾಣತನದ ರಕ್ಷಣೆಯನ್ನು ಮದ್ದುಗುಂಡು ಸೋಲಿಸಿತು. 1657ರಲ್ಲಿ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿನ ಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ ಕೋಟೆಯ ರಕ್ಷಕ ಸಿದ್ದಿ ಮರ್ಜಾನ್ ತೀವ್ರವಾಗಿ ಗಾಯಗೊಂಡ. ಕೋಟೆ ಮೊಘಲರ ವಶವಾಯಿತು. ಬಂಡೆಯಲ್ಲಿ ಕಡಿದ ಆ ಕಂದಕಗಳನ್ನು ಇಂದಿಗೂ ನೋಡಬಹುದು.