ದಾಖಲೆಯ ಓಟಕ್ಕೆ ಯಾವ ಗೇರು?

ನರಗುಂದದ ಗುಡ್ಡದ ಮೇಲೆ ನಿಂತು ರೋಣದ ದಿಕ್ಕಿಗೆ ಕಣ್ಣು ಹಾಯಿಸಿದ್ದೀರಾ? ಎರಿ ಹೊಲಗಳು ಹಾಸಿಬಿಟ್ಟ ಕಂಬಳಿಯಂತೆ ಕಾಣುತ್ತವೆ. ಅಲ್ಲಿ ಚಿತ್ರೀಕರಣ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಐಟಿಐ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಇಂಥಾ ಬಯಲಾಗ ರೆಕಾರ್ಡ್ ಮಾಡೋ ಕಾರ್ ಓಡಸಬಹುದಲ್ರೀ? ಅದಕ್ಕ ಎಂಥಾ ಗೇರ್‌ಬಾಕ್ಸ್ ಬೇಕ್ರಿ?” ಅರ್ಧ ಗಂಟೆಯ ಮಾತುಕತೆಯಲ್ಲಿ ಇಂಥ ಪ್ರಶ್ನೆಗೆ ಎಡೆ ಸಿಗುವುದಿಲ್ಲ. ಆದ್ದರಿಂದ ಅದರ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮೂರಿನಲ್ಲಿ ಕೃಷಿ ಹೊಂಡ ತೋಡುವ ಜೆಸಿಬಿಯಿಂದಲೇ ಆರಂಭಿಸೋಣ. 2006ರ ಆಗಸ್ಟ್‌ನಲ್ಲಿ ಆ ಕಂಪನಿಯವರು ಅಗೆಯುವ ಯಂತ್ರಗಳಿಗೆಂದು ರೂಪಿಸಿದ್ದ ಎಂಜಿನ್ನನ್ನೇ ತಿದ್ದಿ, ಅಂಥ ಎರಡನ್ನು ಒಂದು ಕಾರಿಗೆ ಕೂಡಿಸಿದರು. ಅದರ ಹೆಸರು ಡೀಸೆಲ್‌ಮ್ಯಾಕ್ಸ್. ಅಮೆರಿಕದ ಯೂಟಾ ಪ್ರಾಂತದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಆಂಡಿ ಗ್ರೀನ್ ಅದನ್ನು ಗಂಟೆಗೆ 563 ಕಿಲೋಮೀಟರಿನ ಸರಾಸರಿಯಲ್ಲಿ ಓಡಿಸಿದರು. ಇದೇ ಗ್ರೀನ್ 1997ರಲ್ಲಿ ಥ್ರಸ್ಟ್ ಎಸ್‌ಎಸ್‌ಸಿ ಕಾರಿನಲ್ಲಿ 1,228 ಕಿಲೋಮೀಟರು ಮುಟ್ಟಿದ್ದರು. ಆದರೆ ಅದು ಜೆಟ್ ಎಂಜಿನ್ನಿನ ಕಾರು. ನೂಕುಬಲ ಚಕ್ರದ ಮೂಲಕ ಬರುವುದಿಲ್ಲವಾದ್ದರಿಂದ ಅಲ್ಲಿ ಗೇರಿನ ಪ್ರಶ್ನೆಯೇ ಇರಲಿಲ್ಲ. ಡೀಸೆಲ್‌ಮ್ಯಾಕ್ಸ್‌ಗೆ ಆರು ಗೇರು. ಮೊದಲ ಗೇರೇ ಎಷ್ಟು ವೇಗದ್ದೆಂದರೆ ನಿಂತಲ್ಲಿಂದ ಹೊರಟರೆ ಕ್ಲಚ್ ಸುಟ್ಟೀತು. ಹಾಗಾಗಿ ಹಿಂದಿನಿಂದ ಒಂದು ಟ್ರ್ಯಾಕ್ಟರು ಅದನ್ನು ಸುಮಾರು 60 ಕಿಲೋಮೀಟರಿನ ವೇಗದವರೆಗೆ ನೂಕಿಕೊಂಡು ಹೋಗುತ್ತಿತ್ತು! ಟ್ರ್ಯಾಕ್ಟರಿನವರು ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಇನ್ನು ಲೆಕ್ಕ. ಸಾಮಾನ್ಯ ಕಾರಿಗೆ ಗೇರು ಆರಿಸುವಾಗ ಹೊರಡುವುದರಿಂದ ಯೋಚಿಸುತ್ತೇವೆ. ವೇಗದಾಖಲೆಯ ಕಾರಿಗೆ ಮುಟ್ಟಬೇಕಾದ ವೇಗದಿಂದ ಹಿಂದಕ್ಕೆ ಬರಬೇಕು. ಗುರಿ ಗಂಟೆಗೆ 300 ಕಿಲೋಮೀಟರು ಎನ್ನಿ. ಅಂದರೆ ನಿಮಿಷಕ್ಕೆ 5,000 ಮೀಟರು. ಟೈರಿನ ಸುತ್ತಳತೆ 2 ಮೀಟರಾದರೆ ಚಕ್ರ ನಿಮಿಷಕ್ಕೆ 2,500 ಸುತ್ತು ತಿರುಗಬೇಕು. ಎಂಜಿನ್ನು ತನ್ನ ಪೂರ್ತಿ ಶಕ್ತಿ ಕೊಡುವುದು 7,500 ಸುತ್ತಿನಲ್ಲಿ ಎಂದಾದರೆ ಎಂಜಿನ್ನಿಗೂ ಚಕ್ರಕ್ಕೂ 3ಕ್ಕೆ 1ರ ಪ್ರಮಾಣ ಬೇಕು. ಇದನ್ನು ಹಿಂದಿನ ಅಚ್ಚಿನ ಹಲ್ಲುಗಾಲಿಗಳಿಗೆ ಬಿಟ್ಟು, ಮೇಲಿನ ಗೇರನ್ನು ‘ನೇರ’ವಾಗಿ ಇಡುವುದು ಜಾಣತನ. ನೇರ ಗೇರಿನಲ್ಲಿ ಶಕ್ತಿ ಪೆಟ್ಟಿಗೆಯ ಒಳಗಿನ ಹಲ್ಲುಗಳನ್ನು ಸುತ್ತಿಬಳಸದೆ ಹಾದುಹೋಗುತ್ತದೆ. ಉಜ್ಜಾಟ ಕಡಿಮೆ, ಬಿಸಿಯೂ ಕಡಿಮೆ. ಒಂದು ಎಚ್ಚರಿಕೆ: ಉಪ್ಪಿನ ಮೇಲೆ ಟೈರು ಜಾರುತ್ತದೆ. ಶೇಕಡಾ 5ರಷ್ಟು ಜಾರಿದರೂ ಕಾಗದದ 300 ನೆಲದ ಮೇಲೆ 285 ಆಗುತ್ತದೆ.

ಹೆಚ್ಚು ಜನ ತಪ್ಪುವುದು ಅದರ ಕೆಳಗಿನ ಗೇರಿನಲ್ಲಿ. ಮೂರನೆಯ ಗೇರು 1.5 ಇದ್ದರೆ ಅದರಲ್ಲಿ 200 ಕಿಲೋಮೀಟರಿಗೆ ಎಂಜಿನ್ನು ತುದಿ ಮುಟ್ಟುತ್ತದೆ. ನಾಲ್ಕಕ್ಕೆ ಹಾಕಿದೊಡನೆ ಸುತ್ತು 7,500ರಿಂದ 5,000ಕ್ಕೆ ಬೀಳುತ್ತದೆ. ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ. 200ರಿಂದ 300ಕ್ಕೆ ಹೋಗಲು ಮೂರು ಪಟ್ಟಿಗೂ ಮಿಕ್ಕಿದ ಶಕ್ತಿ ಬೇಕು. ಕುಸಿದ ಎಂಜಿನ್ನು ಅಲ್ಲಿಂದ ಏಳುವಷ್ಟರಲ್ಲಿ ಓಡುವ ದಾರಿಯೇ ಮುಗಿದಿರುತ್ತದೆ. ಮೂರನೆಯದನ್ನು 1.25ಕ್ಕೆ ಇಟ್ಟರೆ 240ರವರೆಗೆ ಎಳೆದು, ಬದಲಿಸಿದಾಗ 6,000ದಲ್ಲೇ ನಿಲ್ಲುತ್ತದೆ. ಮೇಲಿನ ಗೇರುಗಳು ಒತ್ತೊತ್ತಾಗಿರಬೇಕು ಎನ್ನುವುದು ಇದಕ್ಕೇ. ಡೀಸೆಲ್ ಎಂಜಿನ್ನು ಒಳ್ಳೆಯ ಶಕ್ತಿ ಕೊಡುವ ಸುತ್ತಿನ ಹರವು ಇನ್ನೂ ಚಿಕ್ಕದು. ಅದಕ್ಕೇ ಆರು ಗೇರು.

ಆಟೊಮ್ಯಾಟಿಕ್ ಸಾಲದೇ ಎನ್ನುವಿರಿ. ಅದರಲ್ಲಿ ಎಣ್ಣೆಯ ಮೂಲಕ ಶಕ್ತಿ ಸಾಗುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಕೈಗೇರಿನಲ್ಲೂ ಎರಡು ಬಗೆ. ಒಂದು, ಹಲ್ಲುಗಳ ವೇಗವನ್ನು ಹಿತ್ತಾಳೆಯ ಬಳೆಯಿಂದ ಸರಿದೂಗಿಸಿ ಮೆಲ್ಲಗೆ ಕೂಡಿಸುವ ಸಿಂಕ್ರೊಮೆಶ್. ಇನ್ನೊಂದು, ದಪ್ಪ ಹಲ್ಲು ನೇರವಾಗಿ ಕಚ್ಚಿಕೊಳ್ಳುವ ಡಾಗ್ ಪೆಟ್ಟಿಗೆ. ಹಳೆಯ ಲಾರಿಗಳಲ್ಲಿ ಬಳೆಯಿಲ್ಲದೆ ಡಬಲ್ ಕ್ಲಚ್ ಒತ್ತಿ ಗೇರು ಹಾಕುತ್ತಿದ್ದವರ ಕಿವಿಯೇ ಆ ಕೆಲಸ ಮಾಡುತ್ತಿತ್ತು. ವೇಗದಾಖಲೆಯ ಓಟದಲ್ಲಿ ಗೇರು ಬದಲಿಸುವುದು ನಾಲ್ಕಾರು ಬಾರಿ ಮಾತ್ರ. ಕ್ಷಣದ ಭಾಗ ಉಳಿಸುವ ದುಬಾರಿ ಪೆಟ್ಟಿಗೆಗಿಂತ, ಹೊರೆ ತಾಳುವ ಗಟ್ಟಿ ಪೆಟ್ಟಿಗೆ ಮೇಲು ಎಂಬುದು ನನ್ನ ಅಭಿಪ್ರಾಯ. ಮೂರರಿಂದ ನಾಲ್ಕಕ್ಕೆ ಹೋಗುವ ಕೈ ತಪ್ಪಿ ಎರಡಕ್ಕೆ ಹೋದರೆ ಮಾತ್ರ ಹಿಂದಿನ ಚಕ್ರಗಳು ಹಿಡಿದಂತಾಗಿ ಕಾರು ಬುಗುರಿಯಾಗುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಗಾಳಿಯಂತ್ರಗಳಲ್ಲಿ ಹೆಚ್ಚಿನವುಗಳ ತಲೆಯೊಳಗೆ ಇದೇ ಹಲ್ಲುಗಾಲಿಗಳು ತಿರುವುಮುರುವಾಗಿ ದುಡಿಯುತ್ತವೆ: ನಿಧಾನದ ರೆಕ್ಕೆಯಿಂದ ವೇಗದ ಜನರೇಟರಿಗೆ.

ಆ ಹುಡುಗನ ಬಯಲಿನ ಮಾತಿಗೆ ಬರುತ್ತೇನೆ. ಎರಿ ನೆಲ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಮೇಣದಂತೆ ಅಂಟುತ್ತದೆ. ಕಾರು ಓಡದು. ಆದರೆ ಅದೇ ಅಂಟಿನಲ್ಲಿ ಗೇರಿನ ಆಯ್ಕೆ ಪ್ರಾಣದ ಮಾತಾಗುತ್ತದೆ. ಹಿಂದಿನ ಗಾಲಿ ಹೂತ ಟ್ರ್ಯಾಕ್ಟರನ್ನು ಕೆಳಗಿನ ಗೇರಿಗೆ ಹಾಕಿ ಕ್ಲಚ್ ಥಟ್ಟನೆ ಬಿಟ್ಟರೆ, ಎಂಜಿನ್ನಿನ ತಿರುಚುಬಲ ಹತ್ತಾರು ಪಟ್ಟಾಗಿ ಅಚ್ಚಿಗೆ ಬರುತ್ತದೆ. ಗಾಲಿ ತಿರುಗಲಾರದು, ಆಗ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮೈಯೇ ತಿರುಗಿ ಮೂತಿ ಮೇಲೇಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಚಾಲಕನ ಮೇಲೆ ಮಗುಚುತ್ತದೆ. ಗಾಲಿಗೆ ಕಟ್ಟಿಗೆ ಕಟ್ಟಿ ಹತ್ತಿಸಲು ನೋಡುವುದಂತೂ ಇದನ್ನು ಕೈಯಾರೆ ಕರೆದಂತೆ. ಹೂತಾಗ ಹಾಕಬೇಕಾದದ್ದು ರಿವರ್ಸ್ ಗೇರು, ಅದೂ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ. ಹಾಗೂ ಬಾರದಿದ್ದರೆ ಗಾಲಿಯ ಹಿಂದಿನ ಮಣ್ಣು ತೋಡಿ, ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿ. ಎಳೆಯುವ ಟ್ರ್ಯಾಕ್ಟರಿನ ಸರಪಳಿ ಕೆಳಗಿನ ಕೊಂಡಿಗೇ ಇರಲಿ, ಅಚ್ಚಿಗಿಂತ ಮೇಲೆ ಬೇಡ.