ಅಪರಾಧ ವರ್ತನೆಯ ಮನೋವಿಜ್ಞಾನ

ಅಪರಾಧ ವರ್ತನೆಯ ಮನೋವಿಜ್ಞಾನವು ವ್ಯಕ್ತಿಯೊಬ್ಬನು ಕಾನೂನನ್ನು ಮೀರಿ ನಡೆಯಲು ಕಾರಣವಾಗುವ ಆಲೋಚನೆ, ಭಾವನೆ, ಕಲಿಕೆ ಹಾಗೂ ಪರಿಸರದ ಪ್ರಭಾವಗಳನ್ನು ಅಧ್ಯಯನ ಮಾಡುವ ಶಾಖೆ. ಅಪರಾಧಿ ಹುಟ್ಟುತ್ತಾನೆಯೇ ಅಥವಾ ರೂಪುಗೊಳ್ಳುತ್ತಾನೆಯೇ ಎಂಬುದು ಇದರ ಮೂಲಪ್ರಶ್ನೆ. ಕರ್ನಾಟಕದಲ್ಲಿ ಇದು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯಲಿಲ್ಲ. ಹುಟ್ಟೇ ಕಾರಣವೆಂಬ ಉತ್ತರವನ್ನು ಬ್ರಿಟಿಷ್ ಆಡಳಿತ ಕಾನೂನಾಗಿಸಿತು.

ಸಿದ್ಧಾಂತಗಳು

ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಲೆಬುರುಡೆ ಮತ್ತು ಮುಖಲಕ್ಷಣಗಳಿಂದ ಅಪರಾಧಿಯನ್ನು ಗುರುತಿಸಬಹುದೆಂದು ವಾದಿಸಿದನು. ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸುಮಾರು 3,000 ಕೈದಿಗಳನ್ನು ಅಳೆದು, 1913ರಲ್ಲಿ ಅಂತಹ ವಿಶಿಷ್ಟ ದೇಹಲಕ್ಷಣಗಳಿಲ್ಲವೆಂದು ತೋರಿಸಿದನು. ಅಪರಾಧವನ್ನೂ ಒಡನಾಟದಿಂದಲೇ ಕಲಿಯಲಾಗುತ್ತದೆ ಎಂಬುದು ಅಮೆರಿಕದ ಎಡ್ವಿನ್ ಸದರ್ಲ್ಯಾಂಡನ ನಿಲುವು.

ಅನುವಂಶೀಯತೆಗೆ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಜನಿಸಿದ 1,037 ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನದ 2002ರ ವರದಿಯಂತೆ, ಒಂದು ನಿರ್ದಿಷ್ಟ ವಂಶವಾಹಿ ರೂಪವುಳ್ಳ ಗಂಡುಮಕ್ಕಳಲ್ಲಿ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಮುಂದೆ ಸಮಾಜವಿರೋಧಿ ವರ್ತನೆ ತೋರುವ ಸಂಭವ ಹೆಚ್ಚಿತ್ತು. ಆ ವಂಶವಾಹಿಯೊಂದೇ ಅಂತಹ ಪರಿಣಾಮ ಬೀರಲಿಲ್ಲ.

ಅಪರಾಧಿ ಬುಡಕಟ್ಟುಗಳ ಕಾಯ್ದೆ

ಲೊಂಬ್ರೋಸೊನ ಗ್ರಂಥಕ್ಕಿಂತ ಐದು ವರ್ಷ ಮೊದಲೇ, 1871ರಲ್ಲಿ, ಭಾರತದಲ್ಲಿ ಈ ಕಾಯ್ದೆ ಬಂದಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಇದರ ಹಿಂದಿನ ತರ್ಕ. 1911ರ ಕಾಯ್ದೆ ಇದನ್ನು ಬ್ರಿಟಿಷ್ ಇಂಡಿಯಾದ ಉಳಿದ ಭಾಗಗಳಿಗೂ ವಿಸ್ತರಿಸಿತು. ಘೋಷಿತ ಸಮುದಾಯದವರು ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕಿತ್ತು. ಪೊಲೀಸರೆದುರು ಹಾಜರಿ ಹಾಕಬೇಕಿತ್ತು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಲೂ ಅವಕಾಶವಿತ್ತು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ವಿಜಾಪುರ, ಗದಗಗಳಲ್ಲಿ ಇಂತಹವರಿಗಾಗಿ ಬೇಲಿ ಹಾಕಿದ ವಸಾಹತುಗಳನ್ನು ಸ್ಥಾಪಿಸಲಾಯಿತು. ಹುಬ್ಬಳ್ಳಿಯ ಆ ಬಡಾವಣೆಗೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಹುಟ್ಟಿನಿಂದಲೇ ಅಪರಾಧಿಗಳೆಂದು ನಮೂದಿಸಿದವರನ್ನು ದುಡಿಮೆ ಮತ್ತು ಶಾಲೆಯ ಮೂಲಕ ತಿದ್ದಬಹುದೆಂದು ನಂಬಿದ್ದು ಈ ವ್ಯವಸ್ಥೆಯ ಒಳವಿರೋಧ.

ಕೊರಚ (ಕೊರವ) ಸಮುದಾಯದ ಇತಿಹಾಸವು ಬೇರೆಯೇ ಕಾರಣವನ್ನು ತೋರಿಸುತ್ತದೆ. ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಇವರು ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಹೇರಿ ಒಳನಾಡಿಗೆ ಒಯ್ದು, ಧಾನ್ಯಕ್ಕೆ ವಿನಿಮಯ ಮಾಡುತ್ತಿದ್ದರು. ಸರ್ಕಾರದ ಉಪ್ಪಿನ ನೀತಿ ಮತ್ತು ರೈಲುಮಾರ್ಗಗಳು ಈ ವ್ಯಾಪಾರವನ್ನು ಕಸಿದುಕೊಂಡವು. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಕಸುಬು ಕಳೆದುಕೊಂಡ ಅಲೆಮಾರಿಯ ಅಲೆದಾಟವೇ ಆಡಳಿತದ ಕಣ್ಣಿಗೆ ಅಪರಾಧದ ಲಕ್ಷಣವಾಗಿ ಕಂಡಿತು.

ಹಣೆಪಟ್ಟಿಯ ಪರಿಣಾಮ

ಒಬ್ಬನನ್ನು ಅಪರಾಧಿಯೆಂದು ಗುರುತಿಸುವುದೇ ಅವನ ಮುಂದಿನ ವರ್ತನೆಯನ್ನು ರೂಪಿಸಬಲ್ಲದು ಎಂದು ಹಣೆಪಟ್ಟಿ ಸಿದ್ಧಾಂತ ಹೇಳುತ್ತದೆ. ಹೊವಾರ್ಡ್ ಬೆಕರನ 1963ರ ಕೃತಿಯಿಂದ ಇದು ಪ್ರಚಲಿತವಾಯಿತು. ನೋಂದಾಯಿತನಿಗೆ ಕೂಲಿ ಕೊಡುವವರಿಲ್ಲ, ಊರಿನಲ್ಲಿ ಕಳವಾದರೆ ಮೊದಲ ಅನುಮಾನ ಅವನ ಮೇಲೆಯೇ. ಗಂಟಿಚೋರ್ ಸಮುದಾಯದ ಹೆಸರಿನಲ್ಲೇ ‘ಚೋರ’ ಎಂಬ ಪದವಿದೆ. ಆ ಹೆಸರು ಹೊತ್ತು ಶಾಲೆಗೆ ಸೇರುವ ಮಗುವಿನ ಸ್ಥಿತಿಯನ್ನು ಊಹಿಸಬಹುದು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು; ಈ ಸಮುದಾಯಗಳನ್ನು ಈಗ ವಿಮುಕ್ತ ಬುಡಕಟ್ಟುಗಳೆನ್ನುತ್ತಾರೆ. ಆದರೆ ರೂಢಿಗತ ಅಪರಾಧಿಗಳ ಕುರಿತ ಕಾನೂನುಗಳು ಅದರ ಸ್ಥಾನಕ್ಕೆ ಬಂದವು. ಕರ್ನಾಟಕದಲ್ಲಿ ಅಂತಹ ಕಾಯ್ದೆ 1961ರಲ್ಲಿ ರಚನೆಯಾಯಿತು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್‌ನಲ್ಲಿ, ಜೈಲುಗಳಲ್ಲಿನ ಜಾತಿ ತಾರತಮ್ಯದ ಪ್ರಕರಣದ ತೀರ್ಪಿನಲ್ಲಿ, ಪೊಲೀಸರಿಗೆ ಸೂಚಿಸಬೇಕಾಯಿತು.